ನೂರರಲ್ಲಿ ಎಷ್ಟು ಅಂತ ಹೇಳಿ: ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಆರೋಗ್ಯ ಮತ್ತು ವಿಜ್ಞಾನದ ಸಂಶೋಧನೆಯಲ್ಲಿ ತೊಡಗಿರುವ ಎಲ್ಲರಿಗೂ ನಮಸ್ಕಾರ.

ನಾನು ವಿಜ್ಞಾನಿ ಅಲ್ಲ, ಡಾಕ್ಟರೂ ಅಲ್ಲ. ಮನೆಯಲ್ಲಿ ಓದಿ ಹೇಳುವವಳು. ಇಂಥವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ರಕ್ತಪರೀಕ್ಷೆಯ ವರದಿ ಬಂದರೆ ಮೊದಲು ನಮ್ಮ ಕೈಗೇ ಕೊಡುತ್ತಾರೆ. ಮಾತ್ರೆ ಡಬ್ಬಿಯೊಳಗೆ ಮಡಿಚಿಟ್ಟ ಸಣ್ಣಕ್ಷರದ ಕಾಗದವನ್ನು ಬಿಡಿಸಿ "ಇದೇನಂತೆ ನೋಡೇ" ಅನ್ನುತ್ತಾರೆ. ಯಾರೋ ಫೋನಿಗೆ ಕಳಿಸಿದ ಸುದ್ದಿ ನಿಜವಾ ಸುಳ್ಳಾ ಅಂತ ನಮ್ಮನ್ನೇ ಕೇಳುತ್ತಾರೆ. ನೀವು ಹತ್ತು ವರ್ಷ ಕೂತು ಕಂಡುಕೊಂಡದ್ದನ್ನು ಊಟದ ಹೊತ್ತಿನಲ್ಲಿ ಎರಡು ಮಾತಲ್ಲಿ ಹೇಳಬೇಕಾದವರು ನಾವು. ತಪ್ಪು ಹೇಳಿದರೆ ಅನುಭವಿಸುವವರು ನಮ್ಮವರೇ. ನಾನು ಹಾಗೆ ಒಮ್ಮೆ ತಪ್ಪು ಹೇಳಿದ್ದೇನೆ. ಅದರಿಂದಲೇ ಈ ಪತ್ರ ಶುರು ಮಾಡುತ್ತೇನೆ.

2002ರ ಜುಲೈ. ನಮ್ಮ ಚಿಕ್ಕಮ್ಮನಿಗೆ ಆಗ ಐವತ್ತೊಂದು. ಮುಟ್ಟು ನಿಂತು ವರ್ಷ ಕಳೆದಿತ್ತು. ರಾತ್ರಿ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರುತ್ತಿತ್ತು, ಬೆವರಿಗೆ ದಿಂಬು ಒದ್ದೆಯಾಗುತ್ತಿತ್ತು. ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕೈದು ತಿಂಗಳಲ್ಲಿ ನಿದ್ದೆ ಸರಿಹೋಗಿತ್ತು, ಮುಖದಲ್ಲಿ ಕಳೆ ಬಂದಿತ್ತು. ಒಂದು ಬೆಳಿಗ್ಗೆ ಪೇಪರಿನಲ್ಲಿ ಸುದ್ದಿ ಬಂತು. ಈ ಮಾತ್ರೆಯಿಂದ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು, ದೊಡ್ಡ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದ್ದಾರೆ ಅಂತ. ಚಿಕ್ಕಮ್ಮ ಆ ಸುದ್ದಿಯನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮಾತ್ರೆ ಡಬ್ಬಿಯೊಳಗೆ ಇಟ್ಟರು. ಮಾತ್ರೆ ಬಿಟ್ಟರು. ಯಾರಿಗೂ ಹೇಳಲಿಲ್ಲ.

ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಅವರ ಮನೆಯಲ್ಲಿ ಉಳಿದಿದ್ದಾಗ. ರಾತ್ರಿ ಮೂರು ಗಂಟೆಗೆ ಎದ್ದರೆ ಚಿಕ್ಕಮ್ಮ ಕಿಟಕಿ ಪಕ್ಕ ಕೂತಿದ್ದರು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಯಾಕೆ ಅಂದೆ. ಡಬ್ಬಿ ತಂದು ಆ ತುಣುಕು ಬಿಡಿಸಿ ತೋರಿಸಿದರು. "ನೂರರಲ್ಲಿ ಇಪ್ಪತ್ತಾರು ಜನಕ್ಕೆ ಬರುತ್ತಂತೆ ಕಣೇ. ನಾಲ್ಕು ಜನರಲ್ಲಿ ಒಬ್ಬಳಿಗೆ. ಆ ಒಬ್ಬಳು ನಾನೇ ಆದರೆ?"

ನಾನೂ ಅದನ್ನು ಹಾಗೇ ಓದಿದೆ. ಡಿಗ್ರಿ ಮುಗಿಸಿದವಳು ನಾನು. ಶೇ. 26 ಅಂದರೆ ನೂರರಲ್ಲಿ ಇಪ್ಪತ್ತಾರು, ಇನ್ನೇನು? "ಬಿಟ್ಟಿದ್ದು ಒಳ್ಳೇದಾಯ್ತು ಚಿಕ್ಕಮ್ಮ" ಅಂದೆ. ಡಾಕ್ಟರ ಹತ್ತಿರ ಹೋಗಿ ಕೇಳಿ ಅಂತಲೂ ಹೇಳಲಿಲ್ಲ. ಆಮೇಲೆ ಚಿಕ್ಕಮ್ಮ ಸುಮಾರು ಆರು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ.

ತುಂಬ ವರ್ಷಗಳ ನಂತರ ನಾನು ಆ ಅಧ್ಯಯನದ ಪ್ರಬಂಧ ಹುಡುಕಿ ಓದಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಧ್ಯಯನ ಅದು. 16,608 ಮಹಿಳೆಯರು. ಸರಾಸರಿ ವಯಸ್ಸು 63. ಅರ್ಧ ಜನಕ್ಕೆ ಹಾರ್ಮೋನ್ ಮಾತ್ರೆ, ಇನ್ನರ್ಧ ಜನಕ್ಕೆ ಹಾಗೇ ಕಾಣುವ, ಮದ್ದಿಲ್ಲದ ಮಾತ್ರೆ. ಪ್ರಬಂಧದಲ್ಲೇ ಲೆಕ್ಕ ಕೊಟ್ಟಿದ್ದಾರೆ. ಮಾತ್ರೆ ತಗೊಳ್ಳದ 10,000 ಮಹಿಳೆಯರಲ್ಲಿ ಒಂದು ವರ್ಷಕ್ಕೆ ಸುಮಾರು 30 ಜನಕ್ಕೆ ಸ್ತನ ಕ್ಯಾನ್ಸರ್ ಬರುತ್ತಿತ್ತು. ತಗೊಂಡ 10,000 ಜನರಲ್ಲಿ 38 ಜನಕ್ಕೆ ಬಂತು. ಎಂಟು ಜನ ಜಾಸ್ತಿ. ಮೂವತ್ತಕ್ಕೆ ಎಂಟು ಸೇರಿದರೆ ಹೆಚ್ಚುಕಡಿಮೆ ಕಾಲು ಭಾಗ ಹೆಚ್ಚಾದ ಹಾಗೆ, ಅಲ್ವಾ? ಆ ಶೇ. 26 ಬಂದದ್ದು ಅಲ್ಲಿಂದ. ಹೃದಯದ ತೊಂದರೆ 7, ಪಾರ್ಶ್ವವಾಯು 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8 ಹೆಚ್ಚು. ಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆ ಮುರಿಯುವುದು 5 ಕಡಿಮೆ. ಎಲ್ಲವೂ 10,000 ಮಹಿಳೆಯರಿಗೆ, ಒಂದು ವರ್ಷದ ಲೆಕ್ಕ.

ಅವತ್ತು ಅಂಗಡಿಗೆ ಹೋಗಿ ಒಂದು ಗ್ರಾಫ್ ಹಾಳೆ ತಂದೆ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಒಂದು ಚೌಕ ಎಳೆದೆ. ಅದರೊಳಗೆ ಸರಿಯಾಗಿ 10,000 ಸಣ್ಣ ಮನೆಗಳು ಬರುತ್ತವೆ. ಮೂವತ್ತು ಮನೆಗೆ ಪೆನ್ಸಿಲ್ಲಿನಲ್ಲಿ, ಎಂಟು ಮನೆಗೆ ಕೆಂಪು ಶಾಯಿಯಲ್ಲಿ ಬಣ್ಣ ತುಂಬಿದೆ. ಚಿಕ್ಕಮ್ಮನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೆಂಪು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿದರು. ಸಿಕ್ಕ ಮೇಲೆ "ಇಷ್ಟೇನಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಆದರೂ ಎಂಟು ಜನ ಅಂದ್ರೆ ಎಂಟು ಜನವೇ. ವರ್ಷ ವರ್ಷ ತಗೊಂಡರೆ ಸೇರ್ತಾ ಹೋಗುತ್ತೆ, ಅಲ್ವಾ?"

ನೋಡಿ, ಎಂಥ ಸರಿಯಾದ ಪ್ರಶ್ನೆ. ಐದು ವರ್ಷ ತಗೊಂಡರೆ ಸಾವಿರಕ್ಕೆ ನಾಲ್ಕು ಅಂತ ಆಗುತ್ತದೆ. ಹೈಸ್ಕೂಲಿಗೆ ಓದು ಬಿಟ್ಟ ಚಿಕ್ಕಮ್ಮ ಒಂದು ಹಾಳೆ ನೋಡಿ ಐದು ನಿಮಿಷದಲ್ಲಿ ಅಲ್ಲಿಗೆ ಬಂದರು. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಿಮಗೆ ದಾಟಿಸಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ: "ಇದನ್ನೇ ಅವತ್ತು ಯಾಕೆ ಹೇಳಲಿಲ್ಲ?"

ಚಿಕ್ಕಮ್ಮ ಮಾತ್ರೆ ಬಿಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಗೊತ್ತಿದ್ದರೂ ಅವರು ಬಿಡುತ್ತಿದ್ದರೇನೋ. ಅವರು ಆ ಅಧ್ಯಯನದ ಸರಾಸರಿ ಮಹಿಳೆಗಿಂತ ಹನ್ನೆರಡು ವರ್ಷ ಚಿಕ್ಕವರು. ವಯಸ್ಸಿಗೆ ತಕ್ಕಂತೆ ಈ ಅಪಾಯಗಳು ಬದಲಾಗುತ್ತವೆ ಎಂದು ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಅವರೂ ಡಾಕ್ಟರೂ ಕೂತು ಮಾತಾಡಿ ತೀರ್ಮಾನಿಸಬೇಕಾದ ವಿಷಯ ಅದು. ಆ ತೀರ್ಮಾನವನ್ನು ಒಂದು ತಪ್ಪು ಗುಣಾಕಾರ ತಗೊಂಡುಬಿಟ್ಟಿತು. ಸಂಶೋಧಕರು ಏನನ್ನೂ ಮುಚ್ಚಿಟ್ಟಿರಲಿಲ್ಲ, ಅದೂ ನಿಜ. 8 ಅನ್ನುವ ಅಂಕಿ ಪ್ರಬಂಧದಲ್ಲಿತ್ತು. ಚಿಕ್ಕಮ್ಮನವರೆಗೆ ಬಂದದ್ದು 26 ಮಾತ್ರ. ಪ್ರಬಂಧದಿಂದ ಮಾತ್ರೆ ಡಬ್ಬಿಯವರೆಗಿನ ಆ ದಾರಿ ಯಾರ ಜವಾಬ್ದಾರಿ? ಅರ್ಧ ದಾರಿಯಾದರೂ ನಿಮ್ಮದು ಅಂತ ನನ್ನ ನಂಬಿಕೆ.

ಇದು ಒಂದು ಮನೆಯ ಕಥೆ ಆಗಿದ್ದರೆ ಬರೆಯುತ್ತಿರಲಿಲ್ಲ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ. ಎರಡು ಪಟ್ಟು! ಯಾರಿಗೆ ಹೆದರಿಕೆ ಆಗುವುದಿಲ್ಲ? ಹೆಂಗಸರು ಗಾಬರಿಯಿಂದ ಮಾತ್ರೆ ಬಿಟ್ಟರು. ನಿಜವಾದ ಲೆಕ್ಕ ಹೀಗಿತ್ತು: ಹಳೇ ಮಾತ್ರೆ ತಗೊಳ್ಳುವ 7,000 ಮಹಿಳೆಯರಲ್ಲಿ ಒಬ್ಬರಿಗೆ ಹೀಗಾಗುತ್ತಿತ್ತು, ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ಇನ್ನೊಂದು ಮಾತು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ. ಯಾವ ಅಪಾಯಕ್ಕೆ ಹೆದರಿ ಮಾತ್ರೆ ಬಿಟ್ಟರೋ ಅದೇ ಅಪಾಯಕ್ಕೆ ಇನ್ನೂ ಹತ್ತಿರ ಹೋದರು. ಎಚ್ಚರಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ಒಂದರ ಎರಡು ಪಟ್ಟು ಎರಡೇ. ಆದರೆ ಎಷ್ಟರಲ್ಲಿ ಒಂದು ಅನ್ನುವುದು ಜನರ ಕಿವಿಗೆ ಬೀಳಲಿಲ್ಲ.

ಅಂಕಿ ಸಮಾಧಾನ ಕೊಡುವಂಥದ್ದಾಗಿದ್ದರೂ ಇದೇ ಪಾಡು. 2020ರ ಕೊನೆಯಲ್ಲಿ ಫೈಜರ್ ಲಸಿಕೆ ಶೇ. 95 ಪರಿಣಾಮಕಾರಿ ಅಂತ ಸುದ್ದಿ ಬಂದಾಗ ನನ್ನನ್ನು ಕೇಳಿದವರೆಲ್ಲ ಒಂದೇ ಅರ್ಥ ಮಾಡಿಕೊಂಡಿದ್ದರು: ಹಾಕಿಸಿಕೊಂಡ ನೂರು ಜನರಲ್ಲಿ ಐವರಿಗೆ ಕೋವಿಡ್ ಬಂದೇ ಬರುತ್ತೆ, ಉಳಿದ ತೊಂಬತ್ತೈದು ಜನಕ್ಕೆ ಯಾವತ್ತೂ ಬರಲ್ಲ. ಎರಡೂ ತಪ್ಪು. ಪ್ರಯೋಗದಲ್ಲಿ ಇದ್ದವರು ಸುಮಾರು 43,000 ಜನ. ಹೆಚ್ಚುಕಡಿಮೆ ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು. ಎರಡನೇ ಡೋಸ್ ಆಗಿ ಒಂದು ವಾರ ಕಳೆದ ಮೇಲೆ ಕಾಯಿಲೆ ಬಿದ್ದವರನ್ನು ಎಣಿಸಿದರು. ಒಟ್ಟು 170 ಜನ. ಅದರಲ್ಲಿ 162 ಜನ ಉಪ್ಪುನೀರಿನ ಗುಂಪಿನವರು, 8 ಜನ ಲಸಿಕೆಯ ಗುಂಪಿನವರು. ಲಸಿಕೆ ಇಲ್ಲದೆ 162 ಜನ ಬೀಳುವ ಕಡೆ 8 ಜನ ಬಿದ್ದರು. ಆ ಶೇ. 95 ಅಂದರೆ ಇಷ್ಟೇ. ಅದು ಆಗಿನ ವೈರಸ್ಸಿಗೆ, ಆ ಕೆಲವು ತಿಂಗಳಿಗೆ ಸಿಕ್ಕ ಉತ್ತರ.

ಇದನ್ನು 162, 8 ಅಂತ ಹೇಳಿದಾಗ ಅರ್ಥವಾಗದವರು ನನಗೆ ಒಬ್ಬರೂ ಸಿಗಲಿಲ್ಲ. ಹಾಗೆ ಹೇಳದೇ ಇದ್ದದ್ದಕ್ಕೆ ಮುಂದೆ ಏನಾಯ್ತು ಗೊತ್ತಲ್ಲ? ಲಸಿಕೆ ಹಾಕಿಸಿಕೊಂಡವರಿಗೆ ಹೊಸ ತಳಿಯಿಂದ ಜ್ವರ ಬಂದಾಗ "ನಮಗೆ ಮೋಸ ಮಾಡಿದರು" ಅಂದರು. ನಾನು ವಾದ ಮಾಡಿ ಸೋತೆ. ಒಂದು ಸಲ ನಂಬಿಕೆ ಹೋದ ಮೇಲೆ ಲೆಕ್ಕ ಕೇಳುವ ತಾಳ್ಮೆ ಯಾರಿಗಿರುತ್ತೆ?

ಇದನ್ನೆಲ್ಲ ಹೇಳಿದರೆ ನಿಮ್ಮಲ್ಲಿ ಹಲವರು ಪತ್ರಿಕೆಯವರ ಕಡೆ ಕೈ ತೋರಿಸುತ್ತೀರಿ. ನಾವು ಸರಿಯಾಗೇ ಹೇಳಿದ್ದೆವು, ಅವರು ತಿರುಚಿದರು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇದನ್ನೂ ನಿಮ್ಮವರೇ ಅಳೆದು ನೋಡಿದ್ದಾರೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ 462 ಪತ್ರಿಕಾ ಹೇಳಿಕೆಗಳನ್ನು ತಗೊಂಡು, ಒಂದು ಪಕ್ಕ ಮೂಲ ಪ್ರಬಂಧ, ಇನ್ನೊಂದು ಪಕ್ಕ ಪೇಪರಿನ ಸುದ್ದಿ ಇಟ್ಟು ಹೋಲಿಸಿದರು. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದ ಹೇಳಿಕೆಗಳಲ್ಲಿ ಶೇ. 36 ಅದನ್ನು ಮನುಷ್ಯರಿಗೆ ಅನ್ವಯಿಸಿ ಹಿಗ್ಗಿಸಿ ಹೇಳಿದ್ದವು. ಓದುಗರಿಗೆ ಸಲಹೆ ಕೊಟ್ಟ ಹೇಳಿಕೆಗಳಲ್ಲಿ ಶೇ. 40 ಪ್ರಬಂಧದಲ್ಲಿ ಇದ್ದದ್ದಕ್ಕಿಂತ ಮುಂದೆ ಹೋಗಿದ್ದವು. ಪತ್ರಿಕೆ ಬಾಗಿಲು ತಟ್ಟುವ ಮೊದಲೇ, ನಿಮ್ಮದೇ ಸಂಸ್ಥೆಯ ಕಾಗದದ ಮೇಲೆ!

ಮುಂದಿನದು ಇನ್ನೂ ಮುಖ್ಯ. ಪ್ರಾಣಿಗಳ ವಿಷಯದಲ್ಲಿ ಹೇಳಿಕೆಯೇ ಉಬ್ಬಿಸಿದ್ದರೆ ಶೇ. 86 ಸುದ್ದಿಗಳೂ ಉಬ್ಬಿಸಿದವು. ಹೇಳಿಕೆ ನೆಟ್ಟಗಿದ್ದರೆ ಬರೀ ಶೇ. 10 ಸುದ್ದಿಗಳು. ಉಬ್ಬಿಸಿ ಹೇಳಿದ್ದರಿಂದ ಸುದ್ದಿ ಜಾಸ್ತಿ ಕಡೆ ಬಂತು ಅನ್ನುವುದಕ್ಕೂ ಗಟ್ಟಿ ಪುರಾವೆ ಸಿಗಲಿಲ್ಲ. ಅಂದರೆ ನೀವು ನೇರವಾಗಿ ಹೇಳಿದರೆ ನಷ್ಟ ಏನೂ ಇಲ್ಲ. ಇದನ್ನು ಓದಿದ ದಿನ ನನಗೆ ಸಿಟ್ಟಿಗಿಂತ ಜಾಸ್ತಿ ಆಸೆ ಹುಟ್ಟಿತು. ಸರಿಮಾಡುವ ಜಾಗ ಇಷ್ಟು ಹತ್ತಿರದಲ್ಲಿದೆ, ನಿಮ್ಮ ಕೈಯಳತೆಯಲ್ಲೇ ಇದೆ.

ಪ್ರಾಣಿಗಳ ಪ್ರಯೋಗದ ವಿಷಯ ಬಂದದ್ದಕ್ಕೆ ಒಂದು ಮಾತು. 'ಮರೆವಿನ ಕಾಯಿಲೆಗೆ ಮದ್ದು ಸಿಕ್ಕಿತು' ಅಂತ ತಲೆಬರಹ ಇರುತ್ತದೆ. ಒಂಬತ್ತನೇ ಸಾಲಿನಲ್ಲಿ ಇಲಿ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಮರೆವಿನವರನ್ನು ನೋಡಿಕೊಳ್ಳುತ್ತಿರುವವರು ಒಂಬತ್ತನೇ ಸಾಲಿನವರೆಗೆ ಕಾಯುವುದಿಲ್ಲ. ಮೊದಲ ಸಾಲಿಗೇ ಕಣ್ಣು ತುಂಬಿರುತ್ತದೆ, ಫೋನ್ ಕೈಗೆ ತಗೊಂಡಿರುತ್ತಾರೆ. ನನ್ನ ಗೆಳತಿಯೊಬ್ಬಳು ಹಾಗೆ ಫೋನ್ ಮಾಡಿದ್ದಳು. "ಎಲ್ಲಿ ಸಿಗುತ್ತೆ, ಎಷ್ಟಾದರೂ ಪರವಾಗಿಲ್ಲ" ಅಂದಳು. ಅದು ಇಲಿಗೆ ಕಣೇ ಅಂತ ಹೇಳುವ ಕೆಲಸ ನನಗೆ ಬಿತ್ತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ದಯವಿಟ್ಟು ಇಲಿಯನ್ನು ಮೊದಲ ಸಾಲಿನಲ್ಲೇ ಇಡಿ. ಇಲಿಯಲ್ಲಿ ಫಲ ಕೊಟ್ಟದ್ದರಲ್ಲಿ ಬಹಳಷ್ಟು ಮನುಷ್ಯರವರೆಗೆ ಬರುವುದೇ ಇಲ್ಲ ಅಂತ ನಿಮಗೆ ಗೊತ್ತು. ನಮಗೆ ಗೊತ್ತಿಲ್ಲ.

ಮಾತುಗಳ ಬಗ್ಗೆಯೂ ಹೇಳಬೇಕು. ನಿಮ್ಮ 'ಸಿಗ್ನಿಫಿಕೆಂಟ್' ಕನ್ನಡಕ್ಕೆ ಬರುವಾಗ 'ಮಹತ್ವದ' ಆಗುತ್ತದೆ. ನಿಮ್ಮ ಪ್ರಕಾರ ಅದು ಬರೀ ಆಕಸ್ಮಿಕ ಅಂತ ತಳ್ಳಿಹಾಕಲು ಕಷ್ಟ ಅನ್ನುವಷ್ಟೇ. ನಮ್ಮ ಕಿವಿಗೆ ಅದು ದೊಡ್ಡದು, ಭಾರಿ ಅಂತ ಕೇಳುತ್ತದೆ. ರಕ್ತದೊತ್ತಡ ಒಂದೇ ಒಂದು ಅಂಶ ಇಳಿದಿದ್ದರೂ 'ಮಹತ್ವದ ಇಳಿಕೆ'! 'ಪಾಸಿಟಿವ್' ಅಂದರೆ ಎಲ್ಲ ಕಡೆ ಒಳ್ಳೆಯದು, ಪರೀಕ್ಷೆಯ ವರದಿಯಲ್ಲಿ ಮಾತ್ರ ಕೆಟ್ಟದು. 'ಸಂಬಂಧ ಕಂಡುಬಂದಿದೆ' ಅಂದರೆ ನಾವು 'ಅದರಿಂದಲೇ ಆಯಿತು' ಅಂತ ಓದುತ್ತೇವೆ. ನಾವೇ ಇಂಗ್ಲಿಷ್‌ನಿಂದ ತಡಕಾಡಿ ಪದ ಹುಡುಕುವ ಬದಲು, ಆ ಭಾಷೆ ಗೊತ್ತಿರುವ ನಿಮ್ಮವರೇ ಒಬ್ಬರು ಕೂತು ಅರ್ಥ ಬಿಡಿಸಿ ಬರೆದುಕೊಟ್ಟರೆ ಎಷ್ಟು ಚೆನ್ನ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳಲು ನಿಮಗೆ ಭಯ ಇದೆ. ಜನ ನಂಬಿಕೆ ಕಳೆದುಕೊಳ್ಳುತ್ತಾರೆ ಅಂತ. ನನ್ನ ಅನುಭವ ತಿರುಗಾಮುರುಗಾ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವ ಕಾಯಿಲೆ ಅಲ್ಲ ಅಂತ ಸಾಮಾಜಿಕ ಜಾಲತಾಣದಲ್ಲಿ ಹಾಕಿತು. 'ಅಲ್ಲ' ಅನ್ನುವುದನ್ನು ದೊಡ್ಡಕ್ಷರದಲ್ಲಿ ಬರೆದಿತ್ತು. ಆಗ ಎಲ್ಲರೂ ಬಾಗಿಲ ಹಿಡಿ, ತರಕಾರಿ, ಹಾಲಿನ ಪ್ಯಾಕೆಟ್ ತೊಳೆಯುತ್ತಾ ಕೂತೆವು. ಕಿಟಕಿ ಮಾತ್ರ ಮುಚ್ಚಿಯೇ ಇತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಗಾಳಿಯಲ್ಲಿ ಹರಡುವುದನ್ನು ಗಂಭೀರವಾಗಿ ತಗೊಳ್ಳಿ ಅಂತ ಬಹಿರಂಗವಾಗಿ ಬರೆಯಬೇಕಾಯಿತು. ಮರುವರ್ಷದ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿ ಬರೆಯಿತು.

ಮಾರ್ಚ್‌ನಲ್ಲಿ ಎಲ್ಲವೂ ಗೊತ್ತಿರಬೇಕಿತ್ತು ಅಂತ ನಾನು ಕೇಳುತ್ತಿಲ್ಲ. ಕಾಯಿಲೆ ಹುಟ್ಟಿ ಮೂರು ತಿಂಗಳಾಗಿತ್ತಷ್ಟೆ. 'ನಮಗೆ ಈಗ ಕಾಣುತ್ತಿರುವುದು ಇಷ್ಟು, ಗಾಳಿಯ ವಿಷಯ ಇನ್ನೂ ಖಚಿತವಿಲ್ಲ, ಅಲ್ಲಿಯವರೆಗೆ ಕಿಟಕಿ ತೆಗೆದಿಡಿ' ಅಂದಿದ್ದರೆ ಯಾರಾದರೂ ಸಿಟ್ಟಾಗುತ್ತಿದ್ದರಾ? ಹವಾಮಾನದವರು ಮಳೆ ಬರಬಹುದು ಅಂದಾಗ ನಾವು ಛತ್ರಿ ಹಿಡಿದು ಹೊರಡುತ್ತೇವೆ. 'ಬರಬಹುದು' ಅನ್ನುವುದರ ಜೊತೆ ಬದುಕಲು ನಮಗೆ ಬರುತ್ತದೆ. ಖಡಾಖಂಡಿತ ಹೇಳಿ ಆಮೇಲೆ ಸದ್ದಿಲ್ಲದೆ ಬದಲಾಯಿಸಿದರೆ ಮಾತ್ರ "ನಿನ್ನೆ ಒಂದು ಹೇಳ್ತಾರೆ, ಇವತ್ತೊಂದು ಹೇಳ್ತಾರೆ" ಅನ್ನುತ್ತೇವೆ. ಹೊಸ ಪುರಾವೆ ಬಂದಾಗ ಮಾತು ಬದಲಾಗುವುದೇ ವಿಜ್ಞಾನದ ಬಲ ಅಂತ ನನಗೆ ಈಗ ಗೊತ್ತು. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನೀವು ಸುಮ್ಮನಿದ್ದ ಜಾಗ ಖಾಲಿ ಉಳಿಯುವುದಿಲ್ಲ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಹನ್ನೆರಡೇ ಮಕ್ಕಳ ವಿವರ ಇಟ್ಟುಕೊಂಡು, ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆಯ ಮೇಲೆ ಆಟಿಸಂನ ಅನುಮಾನ ಹುಟ್ಟಿಸಿದರು. ಆ ಪ್ರಬಂಧದಲ್ಲೇ ಸಂಬಂಧ ಸಾಬೀತಾಗಿಲ್ಲ ಅಂತ ಬರೆದಿತ್ತು. ಪತ್ರಿಕಾಗೋಷ್ಠಿಯಲ್ಲಿ ಆಡಿದ ಮಾತು ಅದಕ್ಕಿಂತ ಬಹಳ ಮುಂದೆ ಹೋಯಿತು. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ಅದೇ ವರ್ಷ ಅವರ ವೈದ್ಯ ವೃತ್ತಿಯ ನೋಂದಣಿಯೂ ರದ್ದಾಯಿತು. ಹನ್ನೆರಡು ಮಕ್ಕಳು, ಹನ್ನೆರಡು ವರ್ಷ. ಅಷ್ಟರಲ್ಲಿ ಲಕ್ಷಾಂತರ ಮಕ್ಕಳ ಮೇಲೆ ನಡೆದ ಒಳ್ಳೆಯ ಅಧ್ಯಯನಗಳು ಲಸಿಕೆಗೂ ಆಟಿಸಂಗೂ ಸಂಬಂಧ ಇಲ್ಲ ಅಂತ ತೋರಿಸಿದ್ದವು. ಆದರೆ ಆ ಗಟ್ಟಿ ಅಧ್ಯಯನಗಳನ್ನು ಮಾಡಿದವರ ದನಿ ನಮ್ಮ ಕಿವಿಗೆ ಬೀಳಲೇ ಇಲ್ಲ. ಇವತ್ತಿಗೂ ಕೂಸನ್ನು ಎತ್ತಿಕೊಂಡು ನನ್ನ ಹತ್ತಿರ ಬಂದು "ಆ ಸೂಜಿಯಿಂದ ಏನಾದರೂ ಆಗುತ್ತಾ" ಅಂತ ಕೇಳುವ ತಾಯಂದಿರಿದ್ದಾರೆ. ಅವರು ದಡ್ಡರಲ್ಲ. ಜೋರಾಗಿ ಹೇಳಿದವರ ಮಾತು ಕೇಳಿಸಿಕೊಂಡವರು.

ಸರಿಯಾದದ್ದನ್ನು ಕಂಡುಹಿಡಿದು ಹೇಳಲಾಗದೆ ಹೋದವರ ಪಾಡು ಬೇರೆ. ಹಂಗೆರಿಯ ವೈದ್ಯ ಸೆಮ್ಮೆಲ್ವೈಸ್ 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದರು. ಆ ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ವಾರ್ಡು ಅದು. ಕೆಲವೇ ತಿಂಗಳಲ್ಲಿ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಅವರು ಅದನ್ನು ಪುಸ್ತಕ ಮಾಡಿ ಬರೆದದ್ದು 1861ರಲ್ಲಿ. ಹದಿನಾಲ್ಕು ವರ್ಷ! ನಡುವೆ ಎಷ್ಟು ಬಾಣಂತಿಯರು ಹೋದರೋ. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆಗಿನ ಹಿರಿಯ ವೈದ್ಯರು ಅವರಿಗೆ ಕೊಟ್ಟ ಕಷ್ಟ ಸಣ್ಣದಲ್ಲ. ಆದರೂ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹೇಳುವುದನ್ನೂ ಸಂಶೋಧನೆಯಷ್ಟೇ ಶ್ರದ್ಧೆಯಿಂದ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಕಥೆ ಒಂದಿದೆ. ವಾಂತಿಭೇದಿ ಆದಾಗ ಕರುಳು ಬರೀ ನೀರನ್ನು ಹೀರುವುದಿಲ್ಲ. ಸಕ್ಕರೆ ಮತ್ತು ಉಪ್ಪು ಸರಿಯಾದ ಅಳತೆಯಲ್ಲಿ ಜೊತೆಗಿದ್ದರೆ ಹೀರುತ್ತದೆ. ಇದು 1960ರ ದಶಕದ ಸಂಶೋಧನೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬಾನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಈ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಜೊತೆಗಿದ್ದ ಮನೆಯವರ ಕೈಗೇ ಕೊಟ್ಟರು, ನೀವೇ ಕುಡಿಸಿ ಅಂತ. ಸಾವು ನೂರಕ್ಕೆ ಮೂವತ್ತರ ಹತ್ತಿರ ಇದ್ದದ್ದು 3.6ಕ್ಕೆ ಇಳಿಯಿತು.

ಅಲ್ಲಿಗೆ ಕಂಡುಹಿಡಿಯುವ ಕೆಲಸ ಮುಗಿಯಿತು. ಹೇಳುವ ಕೆಲಸ ಆಮೇಲೆ ಶುರುವಾಯಿತು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಹೆಣ್ಣುಮಕ್ಕಳನ್ನು ಮನೆ ಮನೆಗೆ ಕಳಿಸಿತು. ಗ್ರಾಂ, ಲೀಟರ್ ಅನ್ನುವ ಮಾತೇ ಇಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಳತೆಯ ಸಾಧನ ತಾಯಿಯ ಕೈಯೇ. ಮಾಡಿ ತೋರಿಸಿ ಹೊರಟುಬಿಡುವುದೂ ಇಲ್ಲ. ತಾಯಿಯೇ ತನ್ನ ಕೈಯಾರೆ ಕಲಸಬೇಕು, ಕಲಿಸುವವಳು ಪಕ್ಕದಲ್ಲಿ ಕೂತು ನೋಡಬೇಕು. ಆಮೇಲೆ ಬೇರೊಬ್ಬರು ಕೆಲವು ಮನೆಗಳಿಗೆ ಹೋಗಿ ತಾಯಿಗೆ ಎಷ್ಟು ನೆನಪಿದೆ, ಈಗಲೂ ಸರಿಯಾಗಿ ಕಲಸುತ್ತಾಳಾ ಅಂತ ಪರೀಕ್ಷೆ ಮಾಡುತ್ತಿದ್ದರು. ಕಲಿಸಿದವಳ ಸಂಬಳ ನಿಂತಿದ್ದದ್ದು ಅದರ ಮೇಲೆ. ಎಷ್ಟು ಮನೆಗೆ ಹೋದಳು ಅನ್ನುವುದರ ಮೇಲಲ್ಲ, ತಾಯಿಗೆ ಎಷ್ಟು ತಲೆಗೆ ಹತ್ತಿತು ಅನ್ನುವುದರ ಮೇಲೆ. ಹೀಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದರು.

ಆ ಸಂಬಳದ ನಿಯಮವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ನಿಮ್ಮ ಲೋಕದಲ್ಲಿ ಪ್ರಬಂಧ ಎಷ್ಟು ಬಂತು, ಎಷ್ಟು ಜನ ಉಲ್ಲೇಖಿಸಿದರು ಅಂತ ಎಣಿಸುತ್ತಾರೆ. ಯಾರಿಗೆ ಅರ್ಥವಾಯಿತು ಅಂತ ಎಣಿಸುವವರು ಯಾರು? ಜನರಿಗೆ ವಿವರಿಸಲು ಸಮಯ ಕೊಟ್ಟ ಕಿರಿಯ ಸಂಶೋಧಕರಿಗೆ 'ಕೆಲಸ ಬಿಟ್ಟು ಪ್ರಚಾರಕ್ಕೆ ಹೋಗಿದ್ದಾರೆ' ಅನ್ನುವ ಮಾತು ಕೇಳಬೇಕಾಗುತ್ತದೆ ಅಂತ ಕೇಳಿದ್ದೇನೆ. ಬಡ್ತಿ ಕೊಡುವ ಸ್ಥಾನದಲ್ಲಿ ಕೂತಿರುವ ಹಿರಿಯರೇ, ಇದು ನಿಮಗೆ. ವಿವರಿಸುವುದನ್ನು ಕೆಲಸದ ಲೆಕ್ಕಕ್ಕೆ ಸೇರಿಸಿ.

ದಾರಿ ಆಗಲೇ ಇದೆ. ಯುರೋಪಿನಲ್ಲಿ 2022ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಔಷಧ ಪ್ರಯೋಗದ ಫಲಿತಾಂಶವನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ಬರೆದು ಒಪ್ಪಿಸಲೇಬೇಕು. ಒಂದೇ ವಿಷಯದ ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ತನ್ನ ಪ್ರತಿ ವಿಮರ್ಶೆಯ ಜೊತೆ ಸರಳ ಭಾಷೆಯ ಸಾರಾಂಶ ಕೊಡುತ್ತದೆ. ಪುರಾವೆ ಎಷ್ಟು ಗಟ್ಟಿ ಅಂತಲೂ ಅದರಲ್ಲೇ ಬರೆದಿರುತ್ತದೆ. ನಾನು ಬಹಳ ಸಲ ಬದುಕಿಕೊಂಡದ್ದು ಅದರಿಂದ.

ನಾನು ಕೇಳುವುದು ಒಂದು ಪುಟ. ನಿಮ್ಮ ಪ್ರಬಂಧದ ಪಕ್ಕದಲ್ಲೇ, ದುಡ್ಡು ಕೊಡದೆ ತೆರೆಯುವಂಥದ್ದು. ಯಾರಲ್ಲಿ ನೋಡಿದಿರಿ: ಇಲಿಯಲ್ಲಾ, ಜೀವಕೋಶದಲ್ಲಾ, ಮನುಷ್ಯರಲ್ಲಾ? ಎಷ್ಟು ಜನ, ಯಾವ ವಯಸ್ಸಿನವರು? ನೂರರಲ್ಲಿ, ಸಾವಿರದಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು? ಏನು ಇನ್ನೂ ಗೊತ್ತಿಲ್ಲ? ಈ ಮಾತ್ರೆ ತಗೊಳ್ಳುತ್ತಿರುವವರು ನಾಳೆ ಬೆಳಿಗ್ಗೆ ಏನು ಮಾಡಬೇಕು? 'ಏನೂ ಬದಲಾಯಿಸಬೇಡಿ, ಮುಂದಿನ ಸಲ ಡಾಕ್ಟರನ್ನು ಕೇಳಿ' ಅನ್ನುವುದೇ ಉತ್ತರ ಆಗಿದ್ದರೆ ಅದನ್ನೇ ದೊಡ್ಡಕ್ಷರದಲ್ಲಿ ಬರೆಯಿರಿ. ಬರೆದ ಮೇಲೆ ಹೊರಗೆ ಬಿಡುವ ಮೊದಲು ನಿಮ್ಮ ಅಮ್ಮನಿಗೋ, ಚಿಕ್ಕಪ್ಪನಿಗೋ, ಕಚೇರಿಯ ಕಾವಲಿನವರಿಗೋ ಓದಿ ಹೇಳಿ. ಅರ್ಥವಾಯಿತಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಹೇಳಿಸಿ. ಅವರು ಎಲ್ಲಿ ತಪ್ಪು ಹೇಳುತ್ತಾರೋ ಆ ಸಾಲನ್ನು ತಿದ್ದಿ.

ನಿಮ್ಮ ಕೆಲಸದ ಮೇಲೆ ನನಗಿರುವ ಗೌರವ ದೊಡ್ಡದು. ನಮ್ಮ ಮನೆಯಲ್ಲಿ ಮೂರು ಜನ ಇವತ್ತು ನಡೆದಾಡುತ್ತಿರುವುದು ನೀವು ಕಂಡುಹಿಡಿದ ಔಷಧಿಗಳಿಂದಲೇ. ಅದನ್ನು ಹೇಳಲು ಬೇರೆ ಜಾಗ ಸಿಗುವುದಿಲ್ಲ, ಇಲ್ಲೇ ಹೇಳಿಬಿಡುತ್ತೇನೆ.

ಚಿಕ್ಕಮ್ಮ ಆ ಕೆಂಪು ಚುಕ್ಕಿಯ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದಾರೆ, ಹಳೆಯ ಪೇಪರ್ ತುಣುಕಿನ ಜೊತೆಯಲ್ಲೇ. ಹೋದ ತಿಂಗಳು ಅವರ ಫೋನಿಗೆ ಒಂದು ಸುದ್ದಿ ಬಂತು. ಮೂಳೆ ಗಟ್ಟಿಯಾಗಲು ಅವರು ತಗೊಳ್ಳುತ್ತಿರುವ ಮಾತ್ರೆಯ ಬಗ್ಗೆ. ಅಪಾಯ ಇಷ್ಟು ಪಟ್ಟು ಹೆಚ್ಚು ಅಂತ ಇತ್ತು. ಈ ಸಲ ಅವರು ಮಾತ್ರೆ ಬಿಡಲಿಲ್ಲ. ನನ್ನನ್ನು ಕರೆದು, ಒಂದು ಹೊಸ ಗ್ರಾಫ್ ಹಾಳೆ ಮೇಜಿನ ಮೇಲೆ ಬಿಚ್ಚಿ, ಕೆಂಪು ಪೆನ್ನು ಪಕ್ಕದಲ್ಲಿಟ್ಟು "ಎಷ್ಟು ಮನೆಗೆ ಬಣ್ಣ ಹಾಕಬೇಕು ನೋಡಿ ಹೇಳು" ಅಂದರು. ನಾನು ಆ ಸಂಸ್ಥೆಯ ಪತ್ರಿಕಾ ಹೇಳಿಕೆ ತೆರೆದು ಎರಡು ಸಲ ಓದಿದೆ. ಎಷ್ಟರಲ್ಲಿ ಎಷ್ಟು ಅನ್ನುವುದು ಅದರಲ್ಲಿ ಇರಲಿಲ್ಲ. ಪ್ರಬಂಧ ತೆರೆಯಲು ದುಡ್ಡು ಕೇಳಿತು. ಬರೆದ ಸಂಶೋಧಕರಿಗೆ ಮೇಲ್ ಹಾಕಿದ್ದೇನೆ. ಹಾಳೆ ಇನ್ನೂ ಮೇಜಿನ ಮೇಲೇ ಇದೆ, ಚಿಕ್ಕಮ್ಮ ದಿನಾ ಕೇಳುತ್ತಾರೆ.

ಇಂತಿ,
ಮನೆಯಲ್ಲಿ ಓದಿ ಹೇಳುವವಳು